ಬುಧವಾರ ಸಂಜೆಯವರೆಗೆ

ನಮ್ಮ ಬಿಲ್ಡಿಂಗಿಗೆ ನೆಲಮಹಡಿ ಸೇರಿ ನಾಲ್ಕೇ ಅಂತಸ್ತು. ದುಬೈಯ ಈ ಡಿಸ್ಕವರಿ ಗಾರ್ಡನ್ಸಿನಲ್ಲಿ ಸುತ್ತಮುತ್ತ ಎಲ್ಲವೂ ಹಾಗೆಯೇ. ಇಲ್ಲಿದ್ದುಕೊಂಡು ಬೆಟ್ಟ ಹತ್ತುವ ಅಭ್ಯಾಸ ಮಾಡಬೇಕೆಂದರೆ ಅದೇ ಮೆಟ್ಟಿಲನ್ನು ಹತ್ತಿ, ಇಳಿದು, ಮತ್ತೆ ಹತ್ತಬೇಕು. ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳು ಶೀನಪ್ಪಣ್ಣ ಮಾಡಿದ್ದು ಅದನ್ನೇ. ಕೆಲಸ ಮುಗಿಸಿ ಅಲ್ ಕೂಜ್‌ನ ಲೇಬರ್ ಕ್ಯಾಂಪಿನಿಂದ ಬಸ್ಸು, ಮೆಟ್ರೋ ಹಿಡಿದು ಬರುವುದು, ಐದು ಲೀಟರಿನ ಎರಡು ನೀರಿನ ಬಾಟಲಿಗಳನ್ನು ಬ್ಯಾಗಿಗೆ ತುಂಬಿ ಬೆನ್ನಿಗೇರಿಸುವುದು, ನಲವತ್ತು ಸುತ್ತು ಎಣಿಸುವುದು. ನಾನು ಹಿಂದೆ ಹಿಂದೆ, ಬರೀ ಕೈಯಲ್ಲಿ, ಹದಿನೈದಕ್ಕೇ ಏದುಸಿರು ಬಿಡುತ್ತ.

ನಮ್ಮ ಬಿಲ್ಡಿಂಗಿನ ನಾತೂರ್, ಅಂದರೆ ವಾಚ್‌ಮನ್, ಕಾಟಿಪಳ್ಳದ ಶುಕೂರ್. ಅವನಿಗೆ ಇದು ದಿನದ ಮನರಂಜನೆಯಾಗಿತ್ತು.

"ರಂಜಿತಣ್ಣ, ಲಿಫ್ಟ್ ಸರಿ ಉಂಟಲ್ಲ? ಆ ಅಜ್ಜನನ್ನು ಯಾಕೆ ಕೊಲ್ತೀರಿ?"

"ಅಜ್ಜ ನಿನ್ನ ಅಪ್ಪ!" ಮೇಲಿನ ಮಹಡಿಯಿಂದ ಶೀನಪ್ಪಣ್ಣನ ದನಿ ಇಳಿದು ಬಂತು. "ನಾನು ಹಿಮಾಲಯಕ್ಕೆ ಹೋಗುದು ಮಾರಾಯ."

"ಹಿಮಾಲಯಕ್ಕಾ? ಎಂತ, ಸನ್ಯಾಸಕ್ಕಾ?"

"ವೀಸಾ ಕ್ಯಾನ್ಸಲ್ ಆದ ಮೇಲೆ ಎಲ್ಲರಿಗೂ ಸನ್ಯಾಸವೇ. ನಿಂಗೂ ಬರ್ತದೆ, ಗಡಿಬಿಡಿ ಮಾಡ್ಬೇಡ."

ಶೀನಪ್ಪಣ್ಣನಿಗೆ ಅರವತ್ತು. ಎಸಿ ರಿಪೇರಿಯ ಫೋರ್‌ಮನ್ ಆಗಿ ಮೂವತ್ತೊಂದು ವರ್ಷ ದುಬೈಯ ಟೆರೇಸುಗಳ ಮೇಲೆ ಕಳೆದವರು. ನವೆಂಬರಿಗೆ ವೀಸಾ ಮುಗಿದು ಬಂಟ್ವಾಳಕ್ಕೆ ಹೊರಡುವವರಿದ್ದರು. ಅದಕ್ಕೆ ಮೊದಲು ಉಳಿದ ರಜೆಯಲ್ಲಿ ಹತ್ತು ದಿನ ತೆಗೆದು ಗಢ್ವಾಲದ ಒಂದು ಕಣಿವೆಯಲ್ಲಿ ನಡೆಯಬೇಕು, ಜೊತೆಗೆ ನಾನೂ ಬರಬೇಕು ಎಂದು ಹಟ ಹಿಡಿದಿದ್ದರು. ಗೊತ್ತಿದ್ದವರೆಲ್ಲ ಇದನ್ನು ವಯಸ್ಸಾದ ಮೇಲೆ ಹುಟ್ಟಿದ ಹುಚ್ಚು ಎಂದುಕೊಂಡರು. ಹುಚ್ಚಲ್ಲ. ಆ ಕಣಿವೆಯ ತುದಿಯ ಹಳ್ಳಿ ಢಾಂಕ್ರಿಯಲ್ಲಿ ಸೋಬನ್ ಸಿಂಗ್ ಇದ್ದಾನೆ. ದುಬೈ ಬಿಡುವ ಮೊದಲು ಶೀನಪ್ಪಣ್ಣ ಅವನಲ್ಲಿ ಕ್ಷಮೆ ಕೇಳಬೇಕಿತ್ತು.

ಕ್ಷಮೆ ಕೇಳಬೇಕಾದವನು ನಾನು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಆರು ವರ್ಷದ ಹಿಂದೆ ನಾವು ದುಬೈಯ ಸತ್ವಾ ಬಡಾವಣೆಯ ಒಂದು ಹಳೇ ವಿಲ್ಲಾದ ರೂಮಿನಲ್ಲಿದ್ದೆವು. ಆರು ಜನ, ಮೂರು ಡಬಲ್ ಮಂಚ. ನನ್ನ ಸಂಸಾರ ಆಗಿನ್ನೂ ಊರಲ್ಲಿತ್ತು. ಶೀನಪ್ಪಣ್ಣನದು ಕೆಳಗಿನ ಮಂಚ, ಅದರ ಮೇಲಿನದು ಸೋಬನ್‌ನದು. ಅವರಿಬ್ಬರೂ ಹನ್ನೊಂದು ವರ್ಷ ಹಾಗೇ ಇದ್ದವರು. ಸೋಬನ್ ಕಂಪೆನಿಯ ಕ್ಯಾಂಟೀನಿನಲ್ಲಿ ಅಡುಗೆಯವನು. ರಜೆಯ ದಿನ ನಮಗೂ ಅವನೇ ಅಡುಗೆ ಮಾಡುವುದು, ಮಾಡುತ್ತ ತನ್ನ ಊರಿನ ದಾರಿ ಹೇಳುವುದು. ಬಸ್ಸು ನಿಲ್ಲುವ ಊರು ಬರ್ಸೂನ್. ಅಲ್ಲಿಂದ ತೂಗುಸೇತುವೆ. ಸೇತುವೆ ದಾಟಿದರೆ ಎಡಕ್ಕೆ ಅಕ್ರೋಟಿನ ಮರ. ಆಮೇಲೆ ನೀರಿನ ಗಿರಣಿ. ಅವನು ಒಂದು ಹೇಳಿದರೆ ಮುಂದಿನದನ್ನು ಶೀನಪ್ಪಣ್ಣ ಹೇಳುವಷ್ಟು ಅವರಿಗೆ ಬಾಯಿಪಾಠವಾಗಿತ್ತು. "ಊರಿನವರಿಗೆ ಒಂದು ದಿನದ ನಡಿಗೆ, ನಿಮ್ಮಂಥವರಿಗೆ ಮೂರು" ಎಂದು ಸೋಬನ್ ಚಪಾತಿ ಲಟ್ಟಿಸುತ್ತ ನಗುತ್ತಿದ್ದ.

ಆ ವರ್ಷ ಡಿಸೆಂಬರಿನ ಒಂದು ಸೋಮವಾರ, ಬೆಳಗ್ಗೆ ಆರಕ್ಕೆ ನನ್ನ ಫೋನು ಹೊಡೆದುಕೊಂಡಿತು. ನನ್ನದು ಕಂಪೆನಿಯ ಫೋನು, ಯಾವಾಗಲೂ ಆನ್ ಇರುತ್ತಿತ್ತು. ಅದಕ್ಕೇ ಸೋಬನ್ ತನ್ನ ಮನೆಯವರಿಗೆ ಎರಡನೇ ನಂಬರೆಂದು ನನ್ನದನ್ನು ಕೊಟ್ಟಿದ್ದ. ಆ ಹೊತ್ತಿಗೆ ಅವನು ಕ್ಯಾಂಟೀನಿಗೆ ಹೋಗಿಯಾಗಿತ್ತು. ಮಾತಾಡಿದ್ದು ಅವನ ತಮ್ಮ ಕುಂದನ್. ಊರಲ್ಲಿ ಟವರ್ ಇಲ್ಲದ್ದರಿಂದ ಇಡೀ ದಿನ ಹಿಮದಲ್ಲಿ ನಡೆದು ಬರ್ಸೂನಿಗೆ ಇಳಿದು ಫೋನು ಮಾಡಿದ್ದ.

"ಅಮ್ಮ ನಿನ್ನೆ ಬೆಳಗಿನ ಜಾವ ಹೋದಳು. ಇಲ್ಲಿ ಹಿಮ ಬಿದ್ದಿದೆ, ಚಳಿ ಇದೆ. ಬುಧವಾರ ಸಂಜೆಯವರೆಗೆ ಇಟ್ಟುಕೊಳ್ಳುತ್ತೇವೆ. ಅಣ್ಣ ಎಲ್ಲೂ ನಿಲ್ಲದೆ ಬರಲಿ."

ಅಷ್ಟೇ. ಲೈನು ಕಟ್ ಆಯಿತು.

ನಾನು ಶೀನಪ್ಪಣ್ಣನನ್ನು ಎಬ್ಬಿಸಿದೆ. "ಸೋಬನ್‌ನ ತಾಯಿ ತೀರಿಹೋದರಂತೆ" ಎಂದೆ. ಬುಧವಾರದ ಮಾತು ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಈ ಆರು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಕೆಟ್ಟ ಬುದ್ಧಿಯಿಂದಲ್ಲ. ನಾನು ಕರಾವಳಿಯವನು. ನಮ್ಮ ಸೆಕೆಯಲ್ಲಿ ಬೆಳಗ್ಗೆ ಹೋದವರನ್ನು ಸಂಜೆಯೊಳಗೆ ಸುಟ್ಟಾಗುತ್ತದೆ. ಗಲ್ಫಿನ ಮಗನಿಗೆಂದು ಯಾರೂ ನಾಲ್ಕು ದಿನ ಕಾಯುವುದಿಲ್ಲ. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಮುಟ್ಟಿದರೆ ಅದೇ ಪುಣ್ಯ. "ಇಟ್ಟುಕೊಳ್ಳುತ್ತೇವೆ" ಎನ್ನುವುದನ್ನು ದುಃಖದಲ್ಲಿ ಬಾಯಿಗೆ ಬಂದ ಮಾತೆಂದು ತಿಳಿದೆ. ಹಿಮದ ಊರಿನಲ್ಲಿ ಅದು ನಿಜವಾಗಿಯೂ ಇಟ್ಟುಕೊಳ್ಳುವುದು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಇನ್ನೊಂದು, ನಮ್ಮ ರೂಮುಗಳ ಕಾನೂನು. ಗಲ್ಫಿನಲ್ಲಿ ಬ್ಯಾಚುಲರ್ ರೂಮಿನಲ್ಲಿದ್ದ ಯಾರನ್ನು ಬೇಕಾದರೂ ಕೇಳಿ, ಸಾವಿನ ಸುದ್ದಿಯನ್ನು ಅವನಿಗೇ ನೇರ ಹೇಳುವುದಿಲ್ಲ. "ಸೀರಿಯಸ್" ಎನ್ನುತ್ತೇವೆ. ಟಿಕೆಟ್ ಮಾಡಿಸಿ, ಬಟ್ಟೆ ತುಂಬಿಸಿ, ವಿಮಾನ ಹತ್ತಿಸುತ್ತೇವೆ. ಮಂಗಳೂರಿನ ಬಜ್ಪೆ ಏರ್‌ಪೋರ್ಟಿನಲ್ಲಿ ಇಳಿದಾಗ ನಾಲ್ಕು ಜನ ದಾಯಾದಿಗಳು ಜೀಪು ತಂದು ನಿಂತಿರುತ್ತಾರೆ. ಅವರ ಮುಖ ನೋಡಿದರೆ ಸಾಕು, ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಶೀನಪ್ಪಣ್ಣ ಆ ಕಾನೂನನ್ನೇ ಪಾಲಿಸಿದರು. ಆದರೆ ದೆಹಲಿಯಲ್ಲಿ ಸೋಬನ್‌ಗಾಗಿ ಯಾರು ಜೀಪು ತಂದು ನಿಲ್ಲುತ್ತಾರೆ ಎಂದು ಉಳಿದ ಐದು ಮಂದಿಯಲ್ಲಿ ಒಬ್ಬನೂ ಯೋಚಿಸಲಿಲ್ಲ.

"ಅಮ್ಮನಿಗೆ ಸ್ವಲ್ಪ ಸೀರಿಯಸ್ ಅಂತೆ."

"ಸೀರಿಯಸ್ ಅಂದರೆ ಎಷ್ಟು?" ಸೋಬನ್ ಕೇಳಿದ.

"ಸ್ವಲ್ಪ," ಎಂದರು ಶೀನಪ್ಪಣ್ಣ. "ನೀ ಇವತ್ತೇ ಹೋಗು."

ಮಂಗಳವಾರ ಕ್ಯಾಂಟೀನಿನಲ್ಲಿ ನಾನೂರು ಜನರ ಊಟವಿತ್ತು. ಮ್ಯಾನೇಜರ್ ಗೋಗರೆದ. ಸ್ವಲ್ಪವೇ ತಾನೇ ಎಂದು ಸೋಬನ್ ಅದನ್ನು ಮುಗಿಸಿ ಮಂಗಳವಾರ ರಾತ್ರಿಯ ವಿಮಾನ ಹಿಡಿದ. ಅಷ್ಟರಲ್ಲಿ ಫಾರ್ಮಸಿಗೆ ಹೋಗಿ ಅಮ್ಮನ ದಮ್ಮಿಗೆಂದು ಆವಿ ಕೊಡುವ ಮಿಷನ್ ತಂದ. ಐದು ಕಿಲೋ ತೂಗುವ ಕೊರಿಯನ್ ಬ್ಲ್ಯಾಂಕೆಟ್ ತಂದ, ಹುಲಿಯ ಚಿತ್ರ ಇರುವುದು. ಅದನ್ನು ಟ್ಯಾಕ್ಸಿಯವರೆಗೆ ಹೊತ್ತದ್ದು ನಾನು.

ಅವನು ಶುಕ್ರವಾರ ಊರು ಸೇರಿದ. ದಾರಿಯ ಹಳ್ಳಿಯೊಂದರಲ್ಲಿ ಮುದುಕಿಯೊಬ್ಬಳು ತಡೆದು ಕೇಳಿದಳಂತೆ: "ಯಾಕೋ, ಇನ್ನೂ ತಲೆ ಬೋಳಿಸಿಲ್ಲ?"

ಆಮೇಲೆ ಅವನು ಮರಳಿ ಬರಲಿಲ್ಲ. ಮಾರ್ಚಿನಲ್ಲಿ ಒಮ್ಮೆ ಶೀನಪ್ಪಣ್ಣನಿಗೆ ಫೋನು ಬಂತು. ನಾನು ಪಕ್ಕದಲ್ಲೇ ಊಟ ಮಾಡುತ್ತಿದ್ದೆ. ಶೀನಪ್ಪಣ್ಣ ತುಂಬ ಹೊತ್ತು ಸುಮ್ಮನೆ ಕೇಳಿಸಿಕೊಂಡರು. ಕೊನೆಗೆ, "ಇಲ್ಲ ಸೋಬನ್, ಅಂಥದ್ದು ಯಾರೂ ಏನೂ ಹೇಳಿಲ್ಲ, ದೇವರಾಣೆ" ಎಂದರು. ಆ ಕಡೆಯ ಪ್ರಶ್ನೆ ನನಗೆ ಕೇಳಿಸಲಿಲ್ಲ. ಏನು ಕೇಳಿದ ಎಂದು ನಾನೂ ಕೇಳಲಿಲ್ಲ. ತಟ್ಟೆ ತೊಳೆಯಲು ಎದ್ದುಹೋದೆ.

ಇದನ್ನೆಲ್ಲ ನಾನು ಹೆಂಡತಿ ಅಮಿತಾಳಿಗೆ ಹೇಳಿದ್ದು ಟಿಕೆಟ್ ಆದ ಮೇಲೆ. ಬ್ಯಾಗಿಗೆ ಉಣ್ಣೆಯ ಕಾಲುಚೀಲ ತುರುಕುತ್ತಿದ್ದವಳು ಕೈ ನಿಲ್ಲಿಸಿದಳು.

"ಶೀನಪ್ಪಣ್ಣನಿಗೆ ಗೊತ್ತುಂಟಾ?"

"ಇಲ್ಲ."

"ಈಗ ನೀವು ಹೋಗುದು ಹೇಳ್ಲಿಕ್ಕಾ? ಅಲ್ಲ, ಅವರು ಕಾಲು ಹಿಡಿಯುವಾಗ ಹಿಂದೆ ನಿಂತು ಫೋಟೋ ತೆಗಿಲಿಕ್ಕಾ?"

"ಸಂದರ್ಭ ನೋಡಿ ಹೇಳ್ಬೇಕು ಅಂತ..."

"ಆರು ವರ್ಷ ನೋಡಿದ್ದು ಸಾಕಾಗ್ಲಿಲ್ವಾ ಸಂದರ್ಭ?"

ಮಗಳು ಹಿತಾಳಿಗೆ ಹದಿನಾಲ್ಕು. ಫೋನಿನಿಂದ ತಲೆ ಎತ್ತದೆ ಸೋಫಾದಿಂದಲೇ ತೀರ್ಪು ಕೊಟ್ಟಳು: "ಪಪ್ಪಾ, ಯು ಕಾಂಟ್ ಈವನ್ ವಾಕ್ ಟು ಇಬ್ನ್ ಬತ್ತೂತಾ."

ಇಬ್ನ್ ಬತ್ತೂತಾ ಮಾಲ್ ನಮ್ಮ ಮನೆಯಿಂದ ಹದಿನೈದು ನಿಮಿಷ. ಅವಳು ಹೇಳಿದ್ದು ನಿಜ, ಅಲ್ಲಿಗೂ ನಾನು ಕಾರಲ್ಲೇ ಹೋಗುವವನು. ಆದರೆ ಆ ವಾರ ನಿದ್ದೆ ಬಾರದೆ ಬೆಳಗ್ಗೆ ಐದಕ್ಕೇ ಎದ್ದು ಮಾಲ್‌ನ ಸುತ್ತ ಎರಡು ಸುತ್ತು ಹಾಕಿ ಬರುತ್ತಿದ್ದೆ. ಕೂತರೆ ಕಾಲು ಕುಣಿಯುತ್ತಿತ್ತು. ಆಫೀಸಿನಲ್ಲಿ ಒಂದೇ ಡ್ರಾಯಿಂಗನ್ನು ಎರಡೆರಡು ಸಲ ಕಳಿಸಿ ಬೈಸಿಕೊಂಡೆ.

ಅಕ್ಟೋಬರಿನ ಎರಡನೇ ವಾರ ಹೊರಟೆವು. ದೆಹಲಿ, ಅಲ್ಲಿಂದ ಡೆಹ್ರಾಡೂನಿನ ಬಸ್ಸು, ಆಮೇಲೆ ಹನ್ನೊಂದು ಗಂಟೆ ಜೀಪು. ಬರ್ಸೂನಿನಲ್ಲಿ ಇಳಿದಾಗ ಶೀನಪ್ಪಣ್ಣ ಗೈಡ್ ಬೇಡ, ಕುದುರೆ ಬೇಡ ಎಂದರು. "ದಾರಿ ನಂಗೆ ಗೊತ್ತುಂಟು."

ಗೊತ್ತಿತ್ತು! ತೂಗುಸೇತುವೆ ದಾಟಿದ್ದೇ ಎಡಕ್ಕೆ ತಿರುಗಿ ಅಕ್ರೋಟಿನ ಮರವನ್ನು ಹಳೇ ಸಂಬಂಧಿಯಂತೆ ತಟ್ಟಿದರು. ನೀರಿನ ಗಿರಣಿ ಇರಬೇಕಾದಲ್ಲಿ ಇತ್ತು, ಒಳಗೆ ರಾಗಿ ಬೀಸುತ್ತಿದ್ದರು. ಅಲ್ಲಿ ಅದಕ್ಕೆ ಮಂಡುವಾ ಎನ್ನುತ್ತಾರೆ. ಗಿರಣಿಯವಳು ಕೊಟ್ಟ ಬಿಸಿ ರೊಟ್ಟಿಯನ್ನು ಶೀನಪ್ಪಣ್ಣ ಮುರಿದು ಮೂಸಿ, "ಎಲ್ಲಿಯ ಹಿಮಾಲಯ ಮಾರಾಯ, ಇದು ನಮ್ಮ ಘಟ್ಟದ ಮೇಲಿನವರ ಊಟ!" ಎಂದರು. ಮೊದಲ ಹಳ್ಳಿಯ ಮನೆಗಳು ಕಲ್ಲು, ಮರ, ಕಲ್ಲು, ಮರ ಎಂದು ಒಂದರ ಮೇಲೊಂದು ಪೇರಿಸಿದಂಥವು. ಕೆಳಗೆ ದನ, ಕುರಿ, ಮೇಲೆ ಜನ. ಕೆತ್ತನೆಯ ಕಂಬಗಳು ಹೊಗೆಗೆ ಕಪ್ಪಾಗಿದ್ದವು. ಇಳಿಜಾರಿನ ಹೊಲಗಳಲ್ಲಿ ಕೊಯ್ಲಿಗೆ ಬಂದ ದಂಟಿನ ಬೆಳೆ ರಕ್ತದ ಬಣ್ಣಕ್ಕೆ ತಿರುಗಿತ್ತು. ಹೆಂಗಸರು ಬೆನ್ನ ಮೇಲೆ ತಮಗಿಂತ ದೊಡ್ಡ ಹುಲ್ಲಿನ ಹೊರೆ ಹೊತ್ತು ನಮ್ಮನ್ನು ದಾಟಿ ಹೋಗುತ್ತಿದ್ದರು, ದಾಟುತ್ತ ನಗುತ್ತಿದ್ದರು.

"ಎಲ್ಲಿಗೆ ಅಜ್ಜ?"

"ಢಾಂಕ್ರಿಗೆ!"

"ಈ ವರ್ಷವೇ ಮುಟ್ಟುತ್ತೀರಾ?"

ನಾನು ನಗಲಿಲ್ಲ. ಪ್ರತಿ ತಿರುವಿನಲ್ಲೂ 'ಇಲ್ಲಿ ಹೇಳುತ್ತೇನೆ' ಎಂದುಕೊಳ್ಳುತ್ತಿದ್ದೆ. ನೀರು ಕುಡಿಯಲು ಕೂತಾಗ ಬಾಯಿ ತೆರೆದರೆ ಶೀನಪ್ಪಣ್ಣ, "ಈಗ ಒಂದು ಏರು ಬರ್ತದೆ, ಅದರ ಹೆಸರೇ ಅತ್ತೆಯೇರು, ಸೊಸೆಯಂದಿರು ಅಳುವ ಜಾಗ" ಎಂದು ಸೋಬನ್‌ನ ಕಥೆ ಶುರುಮಾಡುತ್ತಿದ್ದರು. ಎಷ್ಟು ಖುಷಿಯಲ್ಲಿದ್ದರೆಂದರೆ ಅದನ್ನು ಒಡೆಯಲು ಧೈರ್ಯ ಬರಲಿಲ್ಲ. ಇಲ್ಲ, ಅದೂ ನೆಪವೇ. ಹೇಳಬೇಕಾದ ಮಾತು ಇನ್ನೇನು ಬರಬೇಕು ಎನ್ನುವಾಗ ನಾನು ಶೂ ಲೇಸ್ ಕಟ್ಟಲು ಬಾಗುತ್ತಿದ್ದೆ. ಎರಡು ದಿನದಲ್ಲಿ ಆ ಲೇಸನ್ನು ಎಷ್ಟು ಸಲ ಬಿಚ್ಚಿ ಕಟ್ಟಿದೆನೋ.

"ನಿಂಗೆ ಎಂತ ಆಗ್ತಾ ಉಂಟು?" ಎಂದು ಒಮ್ಮೆ ಕೇಳಿದರು. "ಅತ್ತ ಹೋಗ್ತಿ, ಇತ್ತ ಬರ್ತಿ. ಡ್ಯೂಟಿಯ ಟೆನ್ಶನ್ನಾ?"

"ಸೋಮವಾರ ಜಾಯಿನ್ ಆಗ್ಬೇಕಲ್ಲ."

"ಖಲಾಸ್! ಸೋಮವಾರ ಸೋಮವಾರ ಬರ್ತದೆ."

ಎರಡನೇ ದಿನ ಸಂಜೆ ನಾಲ್ಕಕ್ಕೆ ಸಿರ್ಗಾ ಎಂಬ ಹಳ್ಳಿ ಸೇರಿದೆವು. ಢಾಂಕ್ರಿ ಅಲ್ಲಿಂದ ನಾಲ್ಕು ಗಂಟೆಯ ಏರು. ಊರಿನ ಬಾಯಲ್ಲಿ ಒಬ್ಬ ಗಂಡಸು ಕೈಯಲ್ಲಿ ಕದಿರು ತಿರುಗಿಸಿ ಉಣ್ಣೆ ನೂಲುತ್ತ ನಿಂತಿದ್ದ. ಉಳಿಯಲು ಜಾಗ ಇದೆಯೇ ಎಂದು ಕೇಳಿದೆ. ಇದೆ ಎಂದ, ಯಾವ ಊರು ಎಂದ.

"ದುಬೈಯಿಂದ ಬಂದಿದ್ದೇವೆ."

ಕದಿರು ನಿಂತಿತು. "ಸೋಬನ್ ಇದ್ದ ದುಬೈಯಾ?"

ಅವನೇ ಕುಂದನ್. ಈಗ ಹೆಂಡತಿಯ ಊರಾದ ಸಿರ್ಗಾದಲ್ಲೇ ಮನೆ ಮಾಡಿಕೊಂಡಿದ್ದ. ಒಳಗೆ ಕರೆದು ಒಲೆಯ ಪಕ್ಕ ಕೂರಿಸಿದ. ಹೆಂಡತಿ ರಾಜ್ಮಾ, ರೊಟ್ಟಿ ಬಡಿಸಿದಳು, ತುಪ್ಪ ಬೇಡ ಎಂದರೂ ಸುರಿದಳು. ಶೀನಪ್ಪಣ್ಣ ತಮ್ಮ ಹೆಸರು ಹೇಳಿದ ಕೂಡಲೇ ಕುಂದನ್ ಅವರ ಮುಖವನ್ನೇ ನೋಡಿದ.

"ಹಾಗಾದರೆ ಆವತ್ತು ಫೋನಿನಲ್ಲಿ ನಾನು ಮಾತಾಡಿದ್ದು ನಿಮ್ಮ ಹತ್ತಿರ."

ನನ್ನ ತುತ್ತು ಬಾಯಲ್ಲೇ ಉಳಿಯಿತು. ಶೀನಪ್ಪಣ್ಣ ನನ್ನ ಕಡೆ ನೋಡಲೂ ಇಲ್ಲ. "ಹೌದು," ಎಂದರು. ರೂಮಿಗೆ ಹಿರಿಯರು, ರೂಮಿಗೆ ಬಂದ ಫೋನು ತಮ್ಮದೇ ಎನ್ನುವ ಹಾಗೆ.

"ನೀವೇ ಹೇಳಿ ಹಾಗಾದರೆ. ಬುಧವಾರ ಸಂಜೆಯವರೆಗೆ ಇಟ್ಟುಕೊಳ್ಳುತ್ತೇವೆ ಎಂದು ನಾನು ಹೇಳಿದ್ದೆನೋ ಇಲ್ಲವೋ?"

ಒಲೆಯಲ್ಲಿ ಸೌದೆ ಸಿಡಿಯಿತು. ಶೀನಪ್ಪಣ್ಣನ ಮುಖದಲ್ಲಿ ಏನೂ ಇರಲಿಲ್ಲ, ಗೊತ್ತಿಲ್ಲದ ಭಾಷೆ ಕೇಳಿದವರ ಹಾಗಿದ್ದರು.

ಕುಂದನ್ ಹೇಳುತ್ತ ಹೋದ. ಊರೇ ಕಾದಿತ್ತು. ಅಮ್ಮನನ್ನು ಮೇಲಿನ ತಣ್ಣನೆಯ ಕೋಣೆಯಲ್ಲಿ ಮಲಗಿಸಿ, ಪಾಳಿಯ ಮೇಲೆ ಕೂತಿದ್ದರು. ಬುಧವಾರ ಸೂರ್ಯ ಮುಳುಗುವವರೆಗೆ ದಾರಿ ನೋಡಿ, ಕೊನೆಗೆ ಕಿರಿಯ ಮಗನೇ ಬೆಂಕಿ ಕೊಟ್ಟ. ಶುಕ್ರವಾರ ಬಂದ ಅಣ್ಣ, "ಕಾಯುತ್ತೀರೆಂದು ಹೇಳಿ ಕಳಿಸಿದ್ದರೆ ನಾನು ಓಡಿ ಬರುತ್ತಿರಲಿಲ್ಲವೇ" ಎಂದ. ಹೇಳಿದ್ದೆ ಎಂದ ತಮ್ಮ. ಮಾರ್ಚಿನಲ್ಲಿ ಅಣ್ಣ ದುಬೈಗೆ ಫೋನು ಮಾಡಿ ವಿಚಾರಿಸಿದ.

"ಬಂದು ನನಗೆ ಹೇಳಿದ: ಶೀನಪ್ಪ ಅಮ್ಮ ಬದುಕಿದ್ದಾಳೆಂದು ಸುಳ್ಳು ಹೇಳಿದ, ಅದು ನನ್ನ ಮೇಲಿನ ಕನಿಕರಕ್ಕೆ. ಆದರೆ ದೇವರಾಣೆ ಇಟ್ಟು ಅವನು ಸುಳ್ಳು ಹೇಳುವುದಿಲ್ಲ. ಸುಳ್ಳು ನಿನ್ನದು. ನಿನಗೆ ಬೆಂಕಿ ಕೊಡುವ ಆಸೆ ಇತ್ತು." ಕುಂದನ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಅವತ್ತಿನಿಂದ ಮಾತಿಲ್ಲ. ನಾನು ಇಲ್ಲಿಗೆ ಬಂದುಬಿಟ್ಟೆ. ನಾಳೆ ಅವನಿಗೆ ಹೇಳಿ, ನಾನು ಹೇಳಿದ್ದೆ ಎಂದು. ಅಷ್ಟು ಸಾಕು."

ಆಗಲೇ ಹೇಳಬಹುದಿತ್ತು. ಮೂರು ಅಡಿ ದೂರದಲ್ಲಿ ಆ ಮನುಷ್ಯ ಕೂತಿದ್ದ. ನಾನು ಎದ್ದು ಕೈ ತೊಳೆಯಲು ಹೊರಗೆ ಬಂದೆ.

ಹಿಂದೆಯೇ ಶೀನಪ್ಪಣ್ಣ ಬಂದರು. ಇನ್ನೂ ಬೆಳಕಿತ್ತು. ಎದುರಿನ ಹಿಮದ ಮೇಲೆ ಕೊನೆಯ ಬಿಸಿಲು ಕೆಂಪಗೆ ಕೂತಿತ್ತು. ಅವರು ಅದನ್ನು ನೋಡಲಿಲ್ಲ.

"ಹೇಳಿದ್ದನಾ ಅವನು?"

"ಹೇಳಿದ್ದ."

"ಬುಧವಾರ ಅಂತ?"

"ಬುಧವಾರ ಸಂಜೆಯವರೆಗೆ ಅಂತ."

ಬೈಯುತ್ತಾರೆಂದು ಕಾದೆ. ಹೊಡೆದರೂ ಆಗಬಹುದಿತ್ತು. ಅವರು ಅಂಗಳದ ಕಟ್ಟೆಯ ಮೇಲೆ ಕೂತು ಮೊಣಕಾಲು ಉಜ್ಜಿಕೊಂಡರು. ಎರಡು ತಿಂಗಳು ನೀರಿನ ಬಾಟಲಿ ಹೊತ್ತು ಹತ್ತಿದ ಕಾಲು.

"ನಾನು ದೇವರ ಆಣೆ ಹಾಕಿದೆ, ರಂಜಿತ. ನೀನು ಪಕ್ಕದಲ್ಲಿ ಉಣ್ತಾ ಇದ್ದೆ."

"ಅಣ್ಣ, ಅವನು ಎಂತ ಕೇಳಿದ ಅಂತ ನಂಗೆ..."

"ಗೊತ್ತಿರ್ಲಿಲ್ಲ. ಕೇಳಿಯೂ ಇಲ್ಲ." ಎದ್ದರು. "ನಾಳೆ ನೀನೇ ಹೇಳ್ಬೇಕು. ನಾನು ಹೇಳುದಿಲ್ಲ. ನೀನು ಹೇಳದಿದ್ರೆ ನಾನು ಆ ಜನದ ಕಣ್ಣಲ್ಲಿ ಸುಳ್ಳನಾಗಿಯೇ ಊರಿಗೆ ಹೋಗ್ತೇನೆ. ಆಗ್ಲಿ. ಆದರೆ ಈ ಇಬ್ಬರು ಅಣ್ಣತಮ್ಮ ಏನು ಮಾಡ್ತಾರೆ, ಅದನ್ನು ನೀನೇ ನೋಡಿಕೋ."

ಬೆಳಗ್ಗೆ ನಾನು ಏಳುವ ಹೊತ್ತಿಗೆ ಕುಂದನ್ ಕುರಿ ಹೊಡೆದುಕೊಂಡು ಹೋಗಿದ್ದ. ಶೀನಪ್ಪಣ್ಣನೂ ಹೊರಟಾಗಿತ್ತು, ನನಗೆ ಕಾಯದೆ. ಬ್ಯಾಗು ಏರಿಸಿ ಊರ ಬಾಯಿಗೆ ಬಂದೆ. ಎಡಕ್ಕೆ ಇಳಿದರೆ ಬರ್ಸೂನ್, ಬಲಕ್ಕೆ ಹತ್ತಿದರೆ ಢಾಂಕ್ರಿ. ಸುಳ್ಳು ಹೇಳುವುದಿಲ್ಲ, ಎಡಕ್ಕೆ ನೂರು ಹೆಜ್ಜೆ ಇಳಿದೆ. ಕಾಲು ನೋವು, ಡ್ಯೂಟಿ, ಹೊಟ್ಟೆ ಕೆಟ್ಟಿತು, ಕಾರಣಗಳು ಸಾಲಾಗಿ ಬಂದು ನಿಂತವು. ಎದುರಿಂದ ಹುಲ್ಲಿನ ಹೊರೆಯೊಂದು ಹತ್ತಿ ಬಂತು, ಕೆಳಗೆ ಒಬ್ಬ ಹೆಂಗಸು. ನಿಂತು, ಉಸಿರು ಬಿಟ್ಟು ಹೇಳಿದಳು: "ನಿಮ್ಮ ಅಜ್ಜ ಬೆಳಗ್ಗೆಯೇ ಮೇಲೆ ಹೋಗುವುದನ್ನು ಕಂಡೆ. ಆ ವಯಸ್ಸಿನವರನ್ನು ಒಬ್ಬರೇ ಬಿಡುತ್ತಾರೇನು?"

ತಿರುಗಿ ಹತ್ತಿದೆ. ಹತ್ತಿದೆ ಎನ್ನುವುದಕ್ಕಿಂತ ಓಡಿದೆ ಎನ್ನಬೇಕು. ದೇವದಾರಿನ ಕಾಡು ಮುಗಿಯುವಲ್ಲಿ ಶೀನಪ್ಪಣ್ಣ ಸಿಕ್ಕಿದರು. ಇವತ್ತು ಅವರು ಮುಂದಿನ ತಿರುವಿನಲ್ಲಿ ಏನಿದೆ ಎಂದು ಹೇಳಲಿಲ್ಲ.

ಢಾಂಕ್ರಿ ಸೇರಿದಾಗ ಮಧ್ಯಾಹ್ನ ಹನ್ನೆರಡಾಗಿತ್ತು. ಇಪ್ಪತ್ತು ಮನೆ ಇರಬಹುದು. ಚಪ್ಪಡಿ ಹೊದಿಸಿದ ಮಾಡುಗಳ ಮೇಲೆ ಕುಂಬಳಕಾಯಿ ಒಣಗಿಸಿದ್ದರು. ಮೂರನೇ ಮನೆಯ ಕಣದಲ್ಲಿ ಒಬ್ಬ ದಂಟಿನ ತೆನೆ ಬಡಿಯುತ್ತಿದ್ದ. ಗಡ್ಡ ಬೆಳ್ಳಗಾಗಿತ್ತು, ತೆಳ್ಳಗಾಗಿದ್ದ. ನಮ್ಮನ್ನು ನೋಡಿ ಕೋಲು ಕೆಳಗಿಟ್ಟ. ಶೀನಪ್ಪಣ್ಣನನ್ನು ಗುರುತಿಸಲು ಅವನಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಬನ್ನಿ ಎನ್ನಲಿಲ್ಲ. ಹೋಗಿ ಎಂದೂ ಅನ್ನಲಿಲ್ಲ.

"ತೆಳ್ಳಗಾಗಿದ್ದೀಯ," ಎಂದರು ಶೀನಪ್ಪಣ್ಣ, ರೂಮಿನ ಹಿಂದಿಯಲ್ಲಿ.

"ನೀನು ದಪ್ಪಗಾಗಿದ್ದೀಯ."

"ಕ್ಯಾಂಟೀನಿನ ಹೊಸ ಅಡುಗೆಯವ ಎಣ್ಣೆ ಜಾಸ್ತಿ ಹಾಕ್ತಾನೆ."

ಸೋಬನ್‌ನ ತುಟಿ ಅಲುಗಿತು, ನಗುವಾಗುವ ಮೊದಲೇ ನಿಂತಿತು. "ಯಾಕೆ ಬಂದೆ?"

ಶೀನಪ್ಪಣ್ಣ ನನ್ನ ಕಡೆ ತಿರುಗಲಿಲ್ಲ. ಸುಮ್ಮನೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಅವರ ಹಿಂದೆ ನಿಂತಿದ್ದ ನಾನು ಈಗ ಮುಂದಿದ್ದೆ.

ನಾನು ಮಾತಿನ ಮಲ್ಲ. ಮಾತಿಲ್ಲದೆ ಐದು ನಿಮಿಷ ಕೂತವನಲ್ಲ. ದಾರಿಯುದ್ದಕ್ಕೂ ಈ ಹೊತ್ತಿಗೆಂದು ಉದ್ದದ ಪೀಠಿಕೆ ಕಟ್ಟಿಕೊಂಡಿದ್ದೆ, ನಮ್ಮ ಕಡೆಯ ಸೆಕೆ, ರೂಮಿನ ಪದ್ಧತಿ, ಆವತ್ತಿನ ಗಡಿಬಿಡಿ. ಅದರಲ್ಲಿ ಒಂದಕ್ಷರವೂ ಬರಲಿಲ್ಲ.

"ಸೋಬನ್ ಭಾಯಿ, ಫೋನು ಎತ್ತಿದ್ದು ನಾನು. ಕುಂದನ್ ಹೇಳಿದ್ದ. ಬುಧವಾರ ಸಂಜೆಯವರೆಗೆ ಇಟ್ಟುಕೊ‍ಳ್ಳುತ್ತೇವೆ, ಅಣ್ಣ ಎಲ್ಲೂ ನಿಲ್ಲದೆ ಬರಲಿ ಎಂದು. ನಾನು ಅದನ್ನು ಯಾರಿಗೂ ಹೇಳಲಿಲ್ಲ. ಇವರಿಗೂ ಹೇಳಲಿಲ್ಲ."

ಮನೆಯೊಳಗಿಂದ ಅವನ ಹೆಂಡತಿ ತಂಬಿಗೆ ಹಿಡಿದು ಹೊರಬಂದವಳು ಬಾಗಿಲಲ್ಲೇ ನಿಂತಳು.

ಸೋಬನ್ ನನ್ನ ಹತ್ತಿರ ಬಂದ. ಮೈಯಿಂದ ಹೊಟ್ಟಿನ ವಾಸನೆ ಬರುತ್ತಿತ್ತು. "ಇನ್ನೊಮ್ಮೆ ಹೇಳು. ಅವನು ಹೇಳಿದ ಹಾಗೇ."

ಹೇಳಿದೆ.

"ಹಿಮದ ವಿಷಯ ಹೇಳಿದನಾ?"

"ಹಿಮ ಬಿದ್ದಿದೆ, ಚಳಿ ಇದೆ ಎಂದ."

"ದನಿ ಹೇಗಿತ್ತು?"

ಆ ಪ್ರಶ್ನೆಗೆ ನಾನು ತಯಾರಿರಲಿಲ್ಲ. ಆದರೆ ಉತ್ತರ ಇತ್ತು. ಆರು ವರ್ಷದಿಂದ ಆ ದನಿ ನನ್ನ ಕಿವಿಯಲ್ಲೇ ಇತ್ತು. "ಹಲ್ಲು ಕಡಿಯುತ್ತಿದ್ದ. ಚಳಿಗೆ. ಪದ ಪದಕ್ಕೂ ನಿಲ್ಲುತ್ತಿದ್ದ. ಅಳುತ್ತಿರಲಿಲ್ಲ."

"ಅವನು ಅಳುವುದಿಲ್ಲ," ಎಂದ ಸೋಬನ್. "ಚಿಕ್ಕಂದಿನಿಂದಲೂ."

ಆಮೇಲೆ ಅವನು ಶೀನಪ್ಪಣ್ಣನನ್ನು ನೋಡಿದ, ನನ್ನನ್ನು ನೋಡಿದ, ಬಡಿದ ತೆನೆಯ ರಾಶಿಯನ್ನು ನೋಡಿದ. ಕೈ ಎತ್ತುತ್ತಾನೆ ಎಂದುಕೊಂಡೆ. ಎತ್ತಲಿಲ್ಲ. ಮೆಟ್ಟಿಲ ಹತ್ತಿರ ಹೋಗಿ ಬೂಟು ಹಾಕಿಕೊಳ್ಳತೊಡಗಿದ. ಲೇಸನ್ನು ಎರಡು ಸಲ ತಪ್ಪಾಗಿ ಕಟ್ಟಿ ಬಿಚ್ಚಿದ.

"ಎಲ್ಲಿಗೆ?" ಹೆಂಡತಿ ಕೇಳಿದಳು.

"ಸಿರ್ಗಾಕ್ಕೆ."

ಅವಳು ತಂಬಿಗೆಯನ್ನು ಶೀನಪ್ಪಣ್ಣನ ಕೈಗೆ ಕೊಟ್ಟಳು. "ಈ ಹಿರಿಯರು ಇಲ್ಲೇ ಇರಲಿ. ಕಾಲು ಊದಿದೆ ನೋಡು."

"ಇರಲಿ. ಅವನಿಗೆ ಅನ್ನ ಮಾಡು, ರೊಟ್ಟಿ ಸೇರುವುದಿಲ್ಲ." ಸೋಬನ್ ನನ್ನ ಕಡೆ ಕೈ ತೋರಿಸಿದ. "ಇವನು ಬರುತ್ತಾನೆ. ನನ್ನ ಎದುರು ಹೇಳಿದ್ದನ್ನು ಅವನ ಎದುರೂ ಹೇಳಬೇಕು."

"ಈಗಷ್ಟೇ ಹತ್ತಿ ಬಂದೆ, ಭಾಯಿ, ಒಂದು ಗುಟುಕು ಚಹಾ..." ನನ್ನ ಬಾಯಿಂದ ಬಂದೇಬಿಟ್ಟಿತು.

ಶೀನಪ್ಪಣ್ಣ ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಿದ್ದವರು ತಲೆ ಎತ್ತಿದರು. "ಯಲ್ಲಾ, ಹೊರಡು ರಂಜಿತ," ಎಂದರು, ಅಷ್ಟೇ.

ಸೋಬನ್ ಆಗಲೇ ಕಣ ದಾಟಿ ಇಳಿಯುತ್ತಿದ್ದ. ಕ್ಷಮಿಸಿದ್ದಾನೋ ಇಲ್ಲವೋ ಅವನ ಬೆನ್ನು ನೋಡಿ ಹೇಳುವ ಹಾಗಿರಲಿಲ್ಲ. ಕಲ್ಲಿನಿಂದ ಕಲ್ಲಿಗೆ ಅವನು ಆಡಿನಂತೆ ಹಾರುತ್ತಿದ್ದ, ನಾನು ಬ್ಯಾಗನ್ನು ಅಲ್ಲೇ ಎಸೆದು ಹಿಂದೆ ಜಾರುತ್ತ, ಮರದ ಬೇರು ಹಿಡಿಯುತ್ತ ಇಳಿದೆ. ಕಾಡಿನ ಅರ್ಧದಲ್ಲಿ ಅಂತರ ಎಷ್ಟಾಯಿತೆಂದರೆ ಅವನ ಟೋಪಿ ಮಾತ್ರ ಕಾಣುತ್ತಿತ್ತು. ಒಂದು ತಿರುವಿನಲ್ಲಿ ಅದು ನಿಂತಿತು. ಅವನು ನನಗಾಗಿ ಕಾಯುತ್ತಿದ್ದ, ಮುಖ ಮಾತ್ರ ಕಣಿವೆಯ ಕಡೆಗಿತ್ತು.

"ಬೇಗ ನಡಿ," ಎಂದ, ನಾನು ಹತ್ತಿರ ಬಂದಾಗ. "ಕುರಿ ಕೂಡಿಹಾಕಿದ ಮೇಲೆ ಅವನು ಮಲಗಿಬಿಡುತ್ತಾನೆ."